ಆಫ್ರಿಕಾ ಚಿತ್ರದ ಕ್ಯಾನ್ವಾಸ್ ಚೀಲ: ಕೋರಾ ಬಣ್ಣದ್ದು ಕೊಳ್ಳಿ, ಕಪ್ಪು ಬೇಡ

ಬೆಂಗಳೂರಿನ ಕರಕುಶಲ ಸಂತೆಗಳಲ್ಲಿ, ಕೆಲವು ಪುಸ್ತಕದಂಗಡಿಗಳ ಕೌಂಟರ್ ಪಕ್ಕದಲ್ಲಿ ನೇತಾಡುವ ಒಂದು ಟೋಟ್ ಬ್ಯಾಗ್ ಇದು. ಮುಂಭಾಗದಲ್ಲಿ ಸಾಲು ಪಿರಮಿಡ್ಡು, ಎಡಕ್ಕೊಂದು ಎತ್ತರದ ಕಲ್ಲುಗಂಬ, ಬಲಕ್ಕೊಂದು ಹಕ್ಕಿ, ನಡುವೆ ಸುಟ್ಟ ಮಣ್ಣಿನ ಮುಖ, ಕೆಳಗೆ ಕನ್ನಡದಲ್ಲೇ ‘ಆಫ್ರಿಕಾದ ಪ್ರಾಚೀನ ಪರಂಪರೆ’ ಎಂಬ ಸಾಲು. ಬೆಲೆ 650 ರೂಪಾಯಿ. ಕೋರಾ ಬಟ್ಟೆಯದು, ಕಪ್ಪು ಬಟ್ಟೆಯದು ಎಂದು ಎರಡು ಬಗೆ. ಚಿತ್ರ ಒಂದೇ, ಬೆಲೆಯೂ ಒಂದೇ. ಆದರೆ ಎರಡನ್ನೂ ಅಚ್ಚು ಹಾಕಿರುವ ರೀತಿ ಪೂರಾ ಬೇರೆ, ಅದನ್ನು ಚೀಟಿಯಲ್ಲಿ ಎಲ್ಲೂ ಬರೆದಿಲ್ಲ. ಕೋರಾ ಚೀಲ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು. ಕಪ್ಪು ಚೀಲ ನೋಡಲಷ್ಟೇ ಚೆಂದ.

ಮೊದಲು ಚಿತ್ರದ ಮಾತು. ಕೊಳ್ಳುವವರು ಕೊಳ್ಳುವುದೇ ಅದಕ್ಕಾಗಿ ತಾನೆ. ಪಿರಮಿಡ್ಡು ಅಂದ ಕೂಡಲೇ ಈಜಿಪ್ಟ್ ಅಂದುಕೊಳ್ಳುವುದು ರೂಢಿ, ಆದರೆ ಇಲ್ಲಿರುವುದು ಸುಡಾನಿನ ಮೆರೋಯೆ. ಗುರುತಿಸುವುದು ಕಷ್ಟವಲ್ಲ. ಗೀಜಾದ ದೊಡ್ಡ ಪಿರಮಿಡ್ಡಿನ ಬದಿ ನೆಲದಿಂದ ಸುಮಾರು 52 ಡಿಗ್ರಿಯಲ್ಲಿ ಏರುತ್ತದೆ, ಮೆರೋಯೆಯವು 70 ಡಿಗ್ರಿಯ ಹತ್ತಿರ. ಹಾಗಾಗಿ ಅಗಲಕ್ಕಿಂತ ಎತ್ತರ ಜಾಸ್ತಿ, ನೋಡಲು ಚೂಪು. ಚೀಲದ ಮೇಲಿನ ತ್ರಿಕೋನಕ್ಕೆ ಸ್ಕೇಲ್ ಇಟ್ಟರೆ ಬುಡ 30 ಮಿಲಿಮೀಟರ್, ಎತ್ತರ 41. ಲೆಕ್ಕ ಕರಾರುವಾಕ್ಕಾಗಿ 70 ಡಿಗ್ರಿಗೆ ಬರುತ್ತದೆ. ಪ್ರತಿಯೊಂದರ ಮುಂದೆಯೂ ಅಂಟಿಕೊಂಡಂತಿರುವ ಪುಟ್ಟ ಪೂಜಾಗೃಹವನ್ನೂ ಬಿಟ್ಟಿಲ್ಲ. ಇನ್ನೂ ಮೆಚ್ಚಬೇಕಾದ್ದು, ಮೂರು ಪಿರಮಿಡ್ಡುಗಳ ತಲೆ ಮೊಟಕಾಗಿರುವುದು. ಅದು ಅಚ್ಚಿನ ತಪ್ಪಲ್ಲ. 1834ರಲ್ಲಿ ಜುಸೆಪ್ಪೆ ಫೆರ್ಲಿನಿ ಎಂಬ ಇಟಲಿಯವನು ಒಳಗಿನ ಒಡವೆಯ ಆಸೆಗೆ ಅಲ್ಲಿನ ಹಲವು ಪಿರಮಿಡ್ಡುಗಳ ನೆತ್ತಿ ಕೆಡವಿದ. ಚಿತ್ರ ಬರೆದವರು ಓದಿಕೊಂಡು ಬರೆದಿದ್ದಾರೆ ಅನ್ನುವುದಕ್ಕೆ ಇಷ್ಟು ಸಾಕು.

ಅದೇ ಕೈ ಪಕ್ಕದ ಕಲ್ಲುಗಂಬದಲ್ಲಿ ಎಡವಿದೆ. ಅದು ಇಥಿಯೋಪಿಯಾದ ಅಕ್ಸುಮ್ ಊರಿನ ಏಕಶಿಲಾ ಸ್ತಂಭ. ಮಹಡಿ ಮೇಲೆ ಮಹಡಿ, ಸುಳ್ಳು ಬಾಗಿಲು, ಸುಳ್ಳು ಕಿಟಕಿ, ತೊಲೆಗಳ ತುದಿ ಹೊರಚಾಚಿದಂತೆ ಗುಂಡು ಗುಬಟುಗಳು, ಎಲ್ಲವನ್ನೂ ಒಂದೇ ಕಲ್ಲಿನಲ್ಲಿ ಕೊರೆದದ್ದು. ಎತ್ತರ 24 ಮೀಟರ್, ತೂಕ ಸುಮಾರು 160 ಟನ್. 1937ರಲ್ಲಿ ಮುಸೊಲಿನಿಯ ಸರ್ಕಾರ ಇದನ್ನು ರೋಮಿಗೆ ಹೊತ್ತೊಯ್ಯಿತು. 2005ರಲ್ಲಿ ತುಂಡುಗಳಾಗಿ ವಿಮಾನದಲ್ಲಿ ವಾಪಸು ಬಂತು, 2008ರಲ್ಲಿ ಮತ್ತೆ ನಿಂತಿತು. ಬಾಗಿಲು ಕಿಟಕಿಗಳನ್ನು ಕಲಾವಿದರು ಸರಿಯಾಗಿಯೇ ಬಿಡಿಸಿದ್ದಾರೆ. ತುದಿಯನ್ನು ಮಾತ್ರ ಈಜಿಪ್ಟಿನ ಒಬೆಲಿಸ್ಕಿನಂತೆ ಚೂಪು ಮಾಡಿಬಿಟ್ಟಿದ್ದಾರೆ. ಅಕ್ಸುಮಿನ ಕಂಬದ ನೆತ್ತಿ ದುಂಡು, ಎರಡೂ ಪಕ್ಕ ಒಳಕ್ಕೆ ಬಾಗಿ ಮೇಲೆ ಅರ್ಧಚಂದ್ರದಂತೆ ಮುಗಿಯುತ್ತದೆ. ನಮ್ಮ ದೇವಸ್ಥಾನದ ಗೋಪುರಕ್ಕೆ ಚರ್ಚಿನ ಶಿಖರ ಕೂರಿಸಿದರೆ ಹೇಗೋ ಹಾಗಾಗಿದೆ.

ಬಲಗಡೆಯ ಹಕ್ಕಿ ಜಿಂಬಾಬ್ವೆ ದೇಶದಲ್ಲಿರುವ ಗ್ರೇಟ್ ಜಿಂಬಾಬ್ವೆ ಎಂಬ ಹಳೆಯ ಊರಿನದು. ಆ ದೇಶದ ಬಾವುಟದಲ್ಲಿ 1980ರಿಂದ ಕೂತಿರುವ ಅದೇ ಹಕ್ಕಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳ ಆ ಊರಿನಲ್ಲಿ ಇಂಥ ಹಕ್ಕಿಗಳು ಸಿಕ್ಕಿದ್ದು ಬಳಪದ ಕಲ್ಲಿನಲ್ಲಿ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೊರೆದ ಜಾತಿಯದೇ ಮೆದು ಕಲ್ಲು ಅದು. ಕಾಲವೂ ಹೆಚ್ಚುಕಮ್ಮಿ ಒಂದೇ: ಗ್ರೇಟ್ ಜಿಂಬಾಬ್ವೆಯ ಏಳಿಗೆ 11ರಿಂದ 15ನೇ ಶತಮಾನ, ಬೇಲೂರಿನ ದೇವಸ್ಥಾನ 1117. ಹೊಯ್ಸಳರನ್ನು ಯಾರೂ ‘ಪ್ರಾಚೀನ’ ಎಂದು ಕರೆಯುವುದಿಲ್ಲವಲ್ಲ. ಕೆಳಗಿನ ಬರಹದಲ್ಲಿರುವ ಆ ಪದದ ಬಗ್ಗೆ ತಕರಾರು ಹುಟ್ಟುವುದೇ ಇಲ್ಲಿ.

ಮೆರೋಯೆಗೆ ಆ ಪದ ಸಲ್ಲುತ್ತದೆ. ಅಲ್ಲಿನ ರಾಜ್ಯ ಕ್ರಿ.ಶ. 350ರ ಆಸುಪಾಸಿನಲ್ಲಿ ಮುಗಿಯುವ ಹೊತ್ತಿಗೆ ನಮ್ಮ ಬನವಾಸಿಯಲ್ಲಿ ಕದಂಬರು ಆಗಷ್ಟೇ ಶುರು ಮಾಡುತ್ತಿದ್ದರು. ನಡುವಿನ ಮಣ್ಣಿನ ಮುಖಕ್ಕಂತೂ ಯಾವ ಅಡ್ಡಿಯೂ ಇಲ್ಲ. ಅದು ನೈಜೀರಿಯಾದ ನೋಕ್ ಸಂಸ್ಕೃತಿಯದು. ತವರದ ಗಣಿ ಅಗೆಯುವಾಗ 1928ರಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಮೂರ್ತಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನವಿವೆ. ತ್ರಿಕೋನದ ಕಣ್ಣು, ಪಾಪೆಯ ಜಾಗದಲ್ಲಿ ಆರುಪಾರು ತೂತು, ಇವು ಅದರ ಗುರುತು. ಆದರೆ ಮೇಲಂಚಿನಲ್ಲಿ ಸಾಲಾಗಿ ಬಂದಿರುವ ಆದಿಂಕ್ರಾ ಗುರುತುಗಳು ಘಾನಾದ ಅಕಾನ್ ಜನರವು. ಈಗ ಉಳಿದಿರುವ ಆದಿಂಕ್ರಾ ಬಟ್ಟೆಗಳಲ್ಲಿ ಅತಿ ಹಳೆಯದು 1817ರದು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಾಲು. ಹಾಗಂತ ಅದರ ಬೆಲೆಯೇನೂ ಕಡಿಮೆಯಾಗುವುದಿಲ್ಲ. ‘ಪ್ರಾಚೀನ’ ತೆಗೆದು ‘ಆಫ್ರಿಕಾದ ಪರಂಪರೆ’ ಎಂದಷ್ಟೇ ಹಾಕಿದ್ದರೆ ಜಗಳವೇ ಇರಲಿಲ್ಲ.

ಆದಿಂಕ್ರಾ ಸಾಲಿನಲ್ಲಿ ಕೊರಳು ಹಿಂದಕ್ಕೆ ತಿರುಗಿಸಿ ಬೆನ್ನ ಮೇಲಿನ ಮೊಟ್ಟೆಯನ್ನು ಕೊಕ್ಕಿಗೆ ತೆಗೆದುಕೊಳ್ಳುವ ಹಕ್ಕಿ ಇದೆ, ಹೆಸರು ಸಂಕೋಫಾ. ‘ಹಿಂದಿರುಗಿ ಹೋಗಿ ತೆಗೆದುಕೊ’ ಎಂಬ ಮೂರು ಮಾತು ಸೇರಿ ಆದ ಹೆಸರು. ಮರೆತು ಬಂದದ್ದಕ್ಕೆ ಹಿಂದಿರುಗಿ ಹೋಗುವುದು ತಪ್ಪಲ್ಲ ಎಂಬ ಅಕಾನ್ ಗಾದೆ ಅದರ ಹಿಂದಿದೆ. ಈ ಗುರುತುಗಳನ್ನು ಅಲ್ಲಿ ಮಾಡುವುದೇ ಅಚ್ಚೊತ್ತಿ: ಒಣಗಿದ ಬುರುಡೆಯ ಚೂರಿನಲ್ಲಿ ಗುರುತು ಕೆತ್ತಿ, ಮರದ ತೊಗಟೆ ಬೇಯಿಸಿ ಗಟ್ಟಿ ಮಾಡಿದ ಕಪ್ಪು ಶಾಯಿಯಲ್ಲಿ ಅದ್ದಿ, ಬಟ್ಟೆ ಹರವಿ ಒತ್ತುತ್ತಾರೆ. ಒಂದೇ ಬಣ್ಣ, ದಪ್ಪ ಗೆರೆ. ಆದ್ದರಿಂದಲೇ ಈ ಚೀಲದ ಸ್ಕ್ರೀನ್ ಪ್ರಿಂಟಿಗೆ ಅತಿ ಚೆನ್ನಾಗಿ ಒಗ್ಗಿರುವುದು ಈ ಸಾಲೇ.

ಹಿಂಭಾಗದಲ್ಲಿರುವುದು ಒಂದೇ ಚಿತ್ರ, ಮುಂದಿನದೆಲ್ಲಕ್ಕಿಂತ ಗಟ್ಟಿಯಾದದ್ದು. ತಾವರೆಯಿಂದ ಮೇಲೆದ್ದ ಹಾವಿನ ಮೈ, ಅದಕ್ಕೆ ಸಿಂಹದ ಮುಖ. ಸುಡಾನಿನ ನಖಾದಲ್ಲಿರುವ ಅಪೆಡೆಮಕ್ ದೇವರ ಗುಡಿಯ ಉಬ್ಬುಶಿಲ್ಪದ ನಕಲು ಇದು. ಕ್ರಿ.ಶ. ಒಂದನೇ ಶತಮಾನದ ಆಸುಪಾಸು ನಟಕಮಾನಿ ರಾಜ, ಅಮಾನಿಟೋರೆ ರಾಣಿ ಕಟ್ಟಿಸಿದ ಗುಡಿ. ಅದರ ಹಿಂಗೋಡೆಯಲ್ಲಿ ಇದೇ ದೇವರು ಮೂರು ಸಿಂಹಮುಖ, ನಾಲ್ಕು ಕೈಗಳೊಂದಿಗೆ ನಿಂತಿದ್ದಾನೆ. ನಮ್ಮವರ ಕಣ್ಣಿಗೆ ತಟ್ಟನೆ ನರಸಿಂಹನೋ ನಾಗರಕಲ್ಲೋ ನೆನಪಾಗದೆ ಇರದು. ಭಾರತದ ಪ್ರಭಾವ ಇದ್ದೀತೆಂದು ಊಹಿಸಿದ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಇಷ್ಟು ಒಳ್ಳೆಯ ಚಿತ್ರಕ್ಕೆ ಚೀಟಿಯಲ್ಲಿ ಕೊಟ್ಟಿರುವ ವಿವರಣೆ ‘ಬುಡಕಟ್ಟು ವಿನ್ಯಾಸ’. ರಾಜರಾಣಿಯರು ಕಲ್ಲಿನಲ್ಲಿ ಕಟ್ಟಿಸಿದ ಗುಡಿಯ ಶಿಲ್ಪಕ್ಕೆ ಆ ಹೆಸರು ಸಲ್ಲದು.

ಒಳಜೇಬಿನ ಬಟ್ಟೆಯದು ಇನ್ನೊಂದು ಕತೆ. ಕಿತ್ತಳೆ, ನೀಲಿ, ಹಳದಿಯ ಢಾಳು ಬಣ್ಣದ ಹತ್ತಿ ಬಟ್ಟೆ, ಚೀಟಿಯ ಪ್ರಕಾರ ‘ಪುರಾತನ ಆಫ್ರಿಕನ್ ಬಟ್ಟೆ’. ಅಂಕಾರಾ ಅಥವಾ ವ್ಯಾಕ್ಸ್ ಪ್ರಿಂಟ್ ಎನ್ನುವ ಈ ಬಗೆ ಹುಟ್ಟಿದ್ದು ಜಾವಾದ ಬಾಟಿಕ್ಕನ್ನು 19ನೇ ಶತಮಾನದಲ್ಲಿ ಡಚ್ ಕಾರ್ಖಾನೆಗಳು ಯಂತ್ರದಲ್ಲಿ ನಕಲು ಮಾಡಲು ಹೋದಾಗ. ಜಾವಾದಲ್ಲಿ ಓಡದ ಮಾಲು ಪಶ್ಚಿಮ ಆಫ್ರಿಕಾದಲ್ಲಿ ಮನೆಮಾತಾಯಿತು, ಅಲ್ಲಿನ ಹೆಂಗಸರು ಒಂದೊಂದು ವಿನ್ಯಾಸಕ್ಕೂ ಹೆಸರಿಟ್ಟು ತಮ್ಮದಾಗಿಸಿಕೊಂಡರು. ಆಫ್ರಿಕಾದ್ದು ಹೌದು, ಪುರಾತನವಲ್ಲ. ಇಲ್ಲಿರುವುದು ಅಸಲಿ ವ್ಯಾಕ್ಸೂ ಅಲ್ಲ. ಅಸಲಿಯಲ್ಲಿ ಮೇಣದಂಥ ರಾಳವನ್ನು ಬಟ್ಟೆಯ ಎರಡೂ ಮೈಗೆ ಹಚ್ಚಿ ಬಣ್ಣದಲ್ಲಿ ಅದ್ದುವುದರಿಂದ ಹಿಂದುಮುಂದು ಒಂದೇ ಗಾಢತೆ ಇರುತ್ತದೆ, ರಾಳ ಬಿರಿದಲ್ಲಿ ಕೂದಲೆಳೆಯ ಗೆರೆಗಳು ಮೂಡುತ್ತವೆ. ಈ ಜೇಬಿಗೆ ಬೆರಳು ಹಾಕಿ ಒಳಮೈ ಹೊರಳಿಸಿದರೆ ಬಣ್ಣ ಅರ್ಧಕ್ಕರ್ಧ ಮಾಸಲು. ಒಂದೇ ಕಡೆ ಅಚ್ಚು ಹಾಕಿದ ಬಟ್ಟೆ. ಜೇಬಿಗೆ ಅದು ಧಾರಾಳ ಸಾಕು, ಚೀಟಿಯ ಮಾತನ್ನು ನಂಬದಿದ್ದರೆ ಆಯಿತು.

ಬೆಂಗಳೂರಿನಲ್ಲಿ ಮಾಡಿ ಮಾರುವ ಚೀಲದಲ್ಲಿ ರಾಗಿ ತೆನೆ ಒಂದಿರಬೇಕಿತ್ತು. ನಮ್ಮ ಮುದ್ದೆಯ ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಮೊದಲು ಒಕ್ಕಲಾದ ಬೆಳೆ, ಸಾವಿರಾರು ವರ್ಷ ಹಳೆಯದು. ಒಳಜೇಬಿಗೆ ಡಚ್ ನಕಲಿನ ನಕಲು ಹಾಕುವ ಬದಲು ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ತುಂಡು ಹಾಕಿದ್ದರೆ ‘ಪರಂಪರೆ’ ಎಂಬ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತು. ಬೆಲೆ ನೂರಿನ್ನೂರು ಏರುತ್ತಿತ್ತು, ಏರಲಿ.

ಇನ್ನು ಅಚ್ಚು. ಕೋರಾ ಚೀಲದ್ದು ಮೂರು ಬಣ್ಣದ ಸ್ಕ್ರೀನ್ ಪ್ರಿಂಟ್: ಇಟ್ಟಿಗೆ ಕೆಂಪು, ಕಡು ನೀಲಿ, ಕಪ್ಪು. ನೀರಿನಲ್ಲಿ ಬೆರೆಸುವ ಪಿಗ್ಮೆಂಟ್ ಇಂಕು. ಕೈಯಾಡಿಸಿದರೆ ಬಟ್ಟೆಯ ನೇಯ್ಗೆ ಸಿಗುತ್ತದೆ, ಇಂಕು ನೂಲಿನೊಳಕ್ಕೆ ಇಳಿದಿದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಇಟ್ಟು ಎಳೆಯುವುದರಿಂದ ಎರಡನೆಯದು ಕೂದಲಷ್ಟು ಸರಿದರೂ ನಡುವೆ ಬಿಳಿ ಸಂದು ಬೀಳುತ್ತದೆ. ಜಿಂಬಾಬ್ವೆ ಹಕ್ಕಿಯ ಕೊರಳಿನ ಹತ್ತಿರ ಕೆಲವು ಚೀಲಗಳಲ್ಲಿ ಒಂದು ಮಿಲಿಮೀಟರಿನ ಸಂದು ಇದೆ, ಕೆಲವದರಲ್ಲಿ ಇಲ್ಲ. ಕನ್ನಡ ಸಾಲಿನದು ಬೇರೆ ತೊಂದರೆ. ಅಕ್ಷರದ ಎತ್ತರ ಬರೀ 8 ಮಿಲಿಮೀಟರ್. ‘ಫ್ರಿ’ಯ ಒತ್ತು, ‘ಪ್ರಾ’ದ ಒತ್ತು ಎರಡೂ ಗೆರೆಯಷ್ಟು ಸಣ್ಣ. ಒರಟು ಕ್ಯಾನ್ವಾಸಿನ ಮೇಲೆ ಇಂಕು ಹರಡಿ ‘ಪರಂಪರೆ’ಯ ಸೊನ್ನೆ ತುಂಬಿಕೊಂಡು ಕಪ್ಪು ಚುಕ್ಕೆಯಾಗಿದೆ. ಇಂಗ್ಲಿಷ್ ಅಕ್ಷರಕ್ಕೆ 8 ಮಿಲಿಮೀಟರ್ ಸಾಕಾದೀತು, ಒತ್ತು, ಕೊಂಬು, ಸೊನ್ನೆಗಳಿರುವ ಕನ್ನಡಕ್ಕೆ ಕ್ಯಾನ್ವಾಸಿನ ಮೇಲೆ 12ಕ್ಕಿಂತ ಕಡಿಮೆ ಹಾಕಬಾರದು. ಚೀಲದ ಮೇಲೆ ಕನ್ನಡ ಅಚ್ಚು ಹಾಕಿಸುವ ಸಂಘ, ಶಾಲೆಗಳವರೆಲ್ಲ ನೆನಪಿಡಬೇಕಾದ ಅಳತೆ.

ಕಪ್ಪು ಚೀಲದ ಅಕ್ಷರ ಮಾತ್ರ ಹರಳು ಕೊರೆದಂತೆ ಸ್ಪಷ್ಟ. ಕಾರಣ, ಅದು ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಅಚ್ಚು. ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರವನ್ನೂ ಅದರ ಹಿಂದೊಂದು ಬಿಳಿ ಪದರವನ್ನೂ ಪ್ರಿಂಟರಿನಲ್ಲಿ ತೆಗೆದು, ಅಂಟಿನ ಪುಡಿ ಉದುರಿಸಿ ಕರಗಿಸಿ, ಹೀಟ್ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತಿ ಹಾಳೆ ಎಳೆದುಬಿಡುವುದು. ಬಣ್ಣ ಬಟ್ಟೆಯೊಳಗೆ ಇಳಿಯುವುದಿಲ್ಲ, ಮೇಲೆ ಕೂತಿರುತ್ತದೆ. ಕಪ್ಪು ಬಟ್ಟೆಗೆ ಸ್ಕ್ರೀನಿನಲ್ಲೇ ಮಾಡಬೇಕೆಂದರೆ ಮೊದಲು ಬಿಳಿಯ ತಳ ಎಳೆದು, ಒಣಗಿಸಿ, ಅದರ ಮೇಲೆ ಮೂರು ಬಣ್ಣ ಕೂರಿಸಬೇಕು. ಒಂದು ಸ್ಕ್ರೀನ್ ಹೆಚ್ಚು, ಕೂಲಿ ಹೆಚ್ಚು. ಅದನ್ನು ಉಳಿಸಲು ಈ ದಾರಿ. ಟೀ ಶರ್ಟಿಗೆ ಡಿಟಿಎಫ್ ಒಂದು ಹದಕ್ಕೆ ನಡೆಯುತ್ತದೆ, ಶರ್ಟನ್ನು ಯಾರೂ ನಾಲ್ಕು ಮಡಿಕೆ ಮಾಡಿ ಇನ್ನೊಂದು ಬ್ಯಾಗಿನ ತಳಕ್ಕೆ ತುರುಕುವುದಿಲ್ಲ. ಚೀಲದ ಬದುಕೇ ಅದು. ದಪ್ಪ ಕ್ಯಾನ್ವಾಸ್ ಒಂದೇ ಗೆರೆಯಲ್ಲಿ ಪದೇ ಪದೇ ಮಡಚಿದಾಗ ಮೇಲಿನ ಪದರ ಅಲ್ಲೇ ಬಿರಿಯುತ್ತದೆ. ಪರೀಕ್ಷೆಗೆ ತೆಗೆದುಕೊಂಡ ಕಪ್ಪು ಚೀಲದಲ್ಲಿ ಆರನೇ ಒಗೆತಕ್ಕೆ ಪಿರಮಿಡ್ಡುಗಳ ನಡುವೆ ಅಡ್ಡ ಬಿರುಕು ಬಂತು, ಎಂಟನೆಯದಕ್ಕೆ ಅಂಚು ಉಗುರಿಗೆ ಸಿಕ್ಕಿತು. ಫೆರ್ಲಿನಿ ಕೆಡವದೆ ಬಿಟ್ಟದ್ದನ್ನು ವಾಷಿಂಗ್ ಮಷೀನು ಕೆಡವಿತು. ಅಂಗಡಿಯಲ್ಲೇ ಗುರುತಿಸಲು ಚಿತ್ರದ ಅಂಚಿಗೆ ಉಗುರು ತಾಗಿಸಿ. ಮೆಟ್ಟಿಲು ಸಿಕ್ಕಿದರೆ, ಬೆಳಕಿಗೆ ಹಿಡಿದಾಗ ಹೊಳೆದರೆ, ಅದು ಡಿಟಿಎಫ್.

ಕೋರಾ ಚೀಲಕ್ಕೂ ಒಂದು ಪರೀಕ್ಷೆ ಬೇಕು. ಪಿಗ್ಮೆಂಟ್ ಇಂಕನ್ನು ಬಟ್ಟೆಗೆ ಹಿಡಿದಿಡುವುದು ಅದರಲ್ಲಿರುವ ಬೈಂಡರ್. ಆ ಬೈಂಡರ್ ಗಟ್ಟಿಯಾಗಲು ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೂರರಿಂದ ಐದು ನಿಮಿಷದ ಬಿಸಿ ಬೇಕು. ಆರ್ಡರ್ ಅವಸರದಲ್ಲಿದ್ದಾಗ ಬರೀ ಬಿಸಿಲಿಗೆ ಒಣಗಿಸಿ ಕಟ್ಟು ಕಟ್ಟಿ ಕಳಿಸುವುದುಂಟು. ಒದ್ದೆ ಮಾಡಿ ಹಿಂಡಿದ ಬಿಳಿ ಕರ್ಚೀಫಿನಿಂದ ಇಟ್ಟಿಗೆ ಕೆಂಪಿನ ಮೇಲೆ ಹತ್ತು ಸಲ ಉಜ್ಜಿ ನೋಡಿ. ತೆಳು ಗುಲಾಬಿ ಕಲೆ ಪರವಾಗಿಲ್ಲ. ಕರ್ಚೀಫು ಕೆಂಪಾದರೆ ಚೀಲ ಬಿಸಿ ಕಂಡಿಲ್ಲ ಎಂದರ್ಥ. ಮನೆಯಲ್ಲೇ ಸರಿಮಾಡಬಹುದು: ಚಿತ್ರದ ಮೇಲೆ ಬಟರ್ ಪೇಪರ್ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಹತ್ತಿಬಟ್ಟೆಯ ಗುರುತಿಗೆ ತಿರುಗಿಸಿ, ಹಬೆ ಇಲ್ಲದೆ, ಅಂಗೈ ಅಗಲದ ಜಾಗಕ್ಕೆ ಮೂರು ನಿಮಿಷದಂತೆ ಮೆಲ್ಲಗೆ ಆಡಿಸುತ್ತ ಬನ್ನಿ. ಕಪ್ಪು ಚೀಲಕ್ಕೆ ಇದನ್ನು ಮಾಡಲು ಹೋಗಬೇಡಿ, ಚಿತ್ರ ಪೇಪರಿಗೆ ಅಂಟಿಕೊಂಡು ಬಂದೀತು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಸಲಹೆ ಪಿಗ್ಮೆಂಟಿಗೆ ಅನ್ವಯಿಸದು.

ಬಟ್ಟೆಯ ವಿಷಯದಲ್ಲಿ ಸಣ್ಣ ಸುಳ್ಳಿದೆ. ಚೀಟಿಯಲ್ಲಿ 12 ಔನ್ಸಿನ ಕ್ಯಾನ್ವಾಸ್ ಎಂದಿದೆ. ಚದರ ಗಜಕ್ಕೆ ಒಂದು ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 34 ಗ್ರಾಂ, 12 ಔನ್ಸಿಗೆ 407. ಚೀಲ 38 ಸೆಂಟಿಮೀಟರ್ ಅಗಲ, 42 ಎತ್ತರ, ತಳ 10. ಮಡಿಕೆ, ಹಿಡಿ, ಜೇಬು ಎಲ್ಲ ಸೇರಿ ಅಂದಾಜು 0.68 ಚದರ ಮೀಟರ್ ಬಟ್ಟೆ ಹಿಡಿಯುತ್ತದೆ. ಅಲ್ಲಿಗೆ ಸುಮಾರು 277 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 230. ಅಂದರೆ ಅದು 10 ಔನ್ಸಿನದು. ದಿನಬಳಕೆಗೆ 10 ಔನ್ಸ್ ಸಾಕು, ಬೇಗ ಒಣಗುತ್ತದೆ ಕೂಡ. ಆದರೆ ಹೇಳಿದ್ದೊಂದು ಕೊಟ್ಟದ್ದೊಂದು. ಬಟ್ಟೆಯನ್ನು ಮುಂಚೆ ನೀರು ಕಾಣಿಸಿ ಕುಗ್ಗಿಸಿಲ್ಲ. ಮೊದಲ ಒಗೆತದಲ್ಲೇ 42 ಸೆಂಟಿಮೀಟರಿನ ಎತ್ತರ 39.5ಕ್ಕೆ ಇಳಿಯಿತು, ಅಗಲ 37ಕ್ಕೆ. ಉದ್ದದ ಪುಸ್ತಕ, ಫೈಲು ಹಾಕುವವರು ಈ ಲೆಕ್ಕ ಹಿಡಿದೇ ಕೊಳ್ಳಬೇಕು.

ಹೊಲಿಗೆಯಲ್ಲಿ ದೋಷ ಇರುವುದು ಒಂದೇ ಕಡೆ, ಇರಬಾರದ ಕಡೆ. ಹಿಡಿಗಳು 2.5 ಸೆಂಟಿಮೀಟರ್ ಅಗಲ, ನಾಲ್ಕು ಪದರದ ಮಡಿಕೆ, ಹೆಗಲಿಗೆ ಹಾಕಿದರೆ 27 ಸೆಂಟಿಮೀಟರ್ ಇಳಿಯುತ್ತವೆ, ಸ್ವೆಟರ್ ಮೇಲೂ ಆರಾಮ. ಬುಡಕ್ಕೆ ಚೌಕ ಹಾಕಿ ನಡುವೆ ಗುಣಾಕಾರದ ಹೊಲಿಗೆ ಹಾಕಿದ್ದಾರೆ, ಸರಿಯೇ. ಆದರೆ ಬಾಯಿಯ ಮಡಿಕೆ 2.5 ಸೆಂಟಿಮೀಟರ್, ಹೊಲಿಗೆಯ ಚೌಕ 4. ಹಾಗಾಗಿ ಚೌಕದ ಕೆಳಗಿನ ಒಂದೂವರೆ ಸೆಂಟಿಮೀಟರ್ ಒಂಟಿ ಪದರದ ಬಟ್ಟೆಯ ಮೇಲೆ ಕೂತಿದೆ. ಭಾರ ಎಳೆಯುವಾಗ ಜಗ್ಗುವುದು ಅದೇ ಗೆರೆ. ಐದು ಕೆಜಿ ಅಕ್ಕಿ, ಎರಡು ತೆಂಗಿನಕಾಯಿ, ಒಂದಷ್ಟು ತರಕಾರಿ ಸೇರಿಸಿ ಎಂಟು ಕೆಜಿ ಮಾಡಿ ಒಂದು ರಾತ್ರಿ ನೇತುಹಾಕಿದಾಗ ನಾಲ್ಕರಲ್ಲಿ ಒಂದು ಬುಡದ ಎರಡು ಹೊಲಿಗೆ ಬಿಟ್ಟವು. ಹೊಲಿಗೆಯೂ ಕೊಂಚ ಉದ್ದ, ಇಂಚಿಗೆ ಆರೋ ಏಳೋ ಇವೆ, ಎಂಟೊಂಬತ್ತು ಬೇಕಿತ್ತು. ಬೀದಿ ಬದಿಯ ಟೈಲರ್ ಹತ್ತಿರ ಒಳಗಡೆ ಐದು ಸೆಂಟಿಮೀಟರ್ ಚೌಕದ ಕ್ಯಾನ್ವಾಸ್ ತೇಪೆ ಕೊಟ್ಟು ಅದೇ ಗೆರೆಯ ಮೇಲೆ ಮತ್ತೊಮ್ಮೆ ಹೊಲಿಸಿದರೆ ಕೆ.ಆರ್. ಮಾರುಕಟ್ಟೆಯ ಭಾರವನ್ನೂ ತಡೆಯುತ್ತದೆ. ಹತ್ತು ನಿಮಿಷದ ಕೆಲಸ. ಇಂಗ್ಲೆಂಡಿನ ಪರಿಸರ ಏಜೆನ್ಸಿಯ 2011ರ ವರದಿಯ ಪ್ರಕಾರ ಹತ್ತಿ ಚೀಲವೊಂದು ಹವಾಮಾನದ ಲೆಕ್ಕದಲ್ಲಿ ಒಂದೇ ಸಲ ಬಳಸುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಅನ್ನಿಸಿಕೊಳ್ಳಬೇಕಾದರೆ 131 ಸಲ ಬಳಕೆಯಾಗಬೇಕು. ವಾರಕ್ಕೊಂದು ಸಂತೆ ಅಂದರೆ ಎರಡೂವರೆ ವರ್ಷ. ಹಿಡಿ ಅಷ್ಟು ಕಾಲ ಬಾಳಬೇಕಲ್ಲ.

ಜಿಪ್ ಇಲ್ಲ, ಬಾಯಿಗೊಂದು ಮ್ಯಾಗ್ನೆಟ್ ಗುಂಡಿ ಮಾತ್ರ. ನುಗ್ಗಾಟದ ಬಸ್ಸಿನಲ್ಲಿ ಪರ್ಸನ್ನು ಮೇಲೆ ಇಡುವ ಚೀಲವಲ್ಲ. ಒಳಪದರವೂ ಇಲ್ಲದ್ದರಿಂದ ಸಂಜೆ ಮಳೆಗೆ ಪುಸ್ತಕ ನೆನೆಯುತ್ತದೆ, ಲ್ಯಾಪ್‌ಟಾಪಿಗಂತೂ ಬೇಡವೇ ಬೇಡ. ಗುಂಡಿಯ ಹಿಂದಿನ ತಗಡು ತುಕ್ಕು ಹಿಡಿಯುವ ಜಾತಿ. ಒಗೆದ ಮೇಲೆ ಬಾಯಿ ತೆರೆದು ತಲೆಕೆಳಗಾಗಿ ನೆರಳಲ್ಲಿ ಒಣಹಾಕಿದರೆ ಕಂದು ಕಲೆ ಬಟ್ಟೆಗೆ ಇಳಿಯುವುದಿಲ್ಲ. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ಚಿತ್ರಕ್ಕೆ ಬ್ರಷ್ ತಾಗಿಸಬೇಡಿ. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಹಿಂದಿನಿಂದ ಇಸ್ತ್ರಿ ಮಾಡಿದರೆ ಕುಗ್ಗಿದ ಬಟ್ಟೆಯಿಂದ ಅಚ್ಚಿನ ಸುತ್ತ ಬರುವ ಸುಕ್ಕು ಹೋಗುತ್ತದೆ.

ಒಂದೇ ಸ್ಕ್ರೀನಿನಿಂದ ಬಂದರೂ ಎಲ್ಲ ಚೀಲಗಳೂ ಒಂದೇ ತರಹ ಇಲ್ಲ, ಆದ್ದರಿಂದ ರಾಶಿಯಲ್ಲಿ ಮೇಲಿದ್ದದ್ದನ್ನೇ ಎತ್ತಿಕೊಂಡು ಬರಬೇಡಿ. ನಾಲ್ಕು ಹಿಡಿಬುಡಗಳನ್ನೂ ಒಳಗಿನಿಂದ ಎಳೆದು ನೋಡಿ. ಹಕ್ಕಿಯ ಕೊರಳಿನ ಸಂದು ನೋಡಿ. ಕೊನೆಗೆ ನೋಕ್ ಮುಖದ ಕಣ್ಣು: ಪಾಪೆಯ ತೂತಿಗಾಗಿ ಎರಡು ಮಿಲಿಮೀಟರ್ ಜಾಗವನ್ನು ಇಂಕಿಲ್ಲದೆ ಬಿಟ್ಟಿದ್ದಾರೆ. ಇಂಕು ಜಾಸ್ತಿ ಸುರಿದ ಚೀಲಗಳಲ್ಲಿ ಒಂದು ಕಣ್ಣು ಮುಚ್ಚಿಹೋಗಿದೆ. ಎರಡೂ ತೂತಿನಲ್ಲಿ ಕೋರಾ ಬಟ್ಟೆ ಕಾಣುವ ಚೀಲ ಸಿಗುವವರೆಗೆ ಹುಡುಕಿ, ಹತ್ತರಲ್ಲಿ ಆರು ಹಾಗಿರುತ್ತವೆ.